ಆಯ್ತಪ್ಪನ ಟರ್ಕಿಶ್ ಕ್ಲಾಸು

ಬಿಸ್ಕತ್ತು ಕಾರ್ಖಾನೆಯಿಂದ ಮಾಲು ಹೊರಗೆ ಕಳಿಸುವ ವಿಭಾಗದ ಗುಮಾಸ್ತನಿಗೂ ಹೆತ್ತವರು ಇಟ್ಟ ಒಂದು ಹೆಸರಿತ್ತು. ಅದೀಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಆಯ್ತಪ್ಪ. ಏನು ಕೇಳಿದರೂ 'ಆಯ್ತಪ್ಪ' ಅನ್ನುವ ಮನುಷ್ಯನಿಗೆ ಇನ್ನೊಂದು ಹೆಸರು ಯಾಕೆ ದಂಡಕ್ಕೆ?

ಅವನಿಗೆ 'ಇಲ್ಲ' ಅನ್ನಲು ಬರುತ್ತಿರಲಿಲ್ಲ. ಹಾಗಂತ ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ, ಆ ಕಾರ್ಖಾನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆಗದ ಕೆಲಸಕ್ಕೆ ಅಲ್ಲಿ 'ನೋಡೋಣ' ಅನ್ನುತ್ತಿದ್ದರು. ಶುರುವೇ ಮಾಡದ ಕೆಲಸಕ್ಕೆ 'ಆಗ್ತಾ ಇದೆ' ಅನ್ನುತ್ತಿದ್ದರು. ಮರೆತೇ ಹೋಗಿದ್ದ ಕೆಲಸಕ್ಕೆ 'ಆದ ಹಾಗೇ' ಅನ್ನುತ್ತಿದ್ದರು. ಹೇಳುವವರಿಗೂ ಅರ್ಥ ಗೊತ್ತು, ಕೇಳುವವರಿಗೂ ಗೊತ್ತು, ಹೀಗಾಗಿ ಯಾರ ಮನಸ್ಸೂ ನೋಯುತ್ತಿರಲಿಲ್ಲ, ಯಾವ ಕೆಲಸವೂ ಆಗುತ್ತಿರಲಿಲ್ಲ. ಆಯ್ತಪ್ಪನ ತಪ್ಪು ಇಷ್ಟೇ. ಉಳಿದವರು ಆಯ್ತು ಅಂದು ಮನೆಗೆ ಹೋಗುತ್ತಿದ್ದರು, ಇವನು ಆಯ್ತು ಅಂದು ಮಾಡಿಬಿಡುತ್ತಿದ್ದ.

ಮಾಡುವವನು ಸಿಕ್ಕರೆ ಮಾಡಿಸುವವರಿಗೆ ಬರವೇ? ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆಯುತ್ತಿದ್ದರು. ಒಂದೂ ಅಚ್ಚಾಗುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಆಯ್ತಪ್ಪನಿಗೆ ಓದಿ ಹೇಳುತ್ತಿದ್ದರು. ಹೆಂಡತಿಯ ತಮ್ಮ, ಕೆಲಸ ಹುಡುಕುವ ನೆಪದಲ್ಲಿ ಬಂದು ಹಜಾರದ ಸೋಫಾ ಹಿಡಿದವನು, ತನ್ನ ಮುಂದಿನ ವ್ಯಾಪಾರಗಳ ಕನಸುಗಳನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಬಿಚ್ಚುತ್ತಿದ್ದ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ತನ್ನ ಕೆಟ್ಟ ಸ್ಕೂಟರನ್ನು ಇವನ ಕೈಯಲ್ಲಿ ತಳ್ಳಿಸುತ್ತಿದ್ದ. ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗುವ ತನಕ ಆಯ್ತಪ್ಪನ ಹೊತ್ತು ಆಯ್ತಪ್ಪನದಾಗಿರಲಿಲ್ಲ. ಅವನಿಗೆ ಸುಸ್ತಾಗಿತ್ತು. ನಿದ್ದೆಯಿಂದ ಹೋಗುವ ಸುಸ್ತಲ್ಲ ಅದು, ನಿದ್ದೆಯಲ್ಲೂ ಯಾರಿಗೋ 'ಆಯ್ತಪ್ಪ' ಅನ್ನುತ್ತಿರುವ ಸುಸ್ತು.

ಹೀಗಿರುವಾಗ ಒಂದು ದಿನ ಮ್ಯಾನೇಜರು ಅವನನ್ನು ಒಳಗೆ ಕರೆದರು. ಅವರ ಮಾವನವರು ಮಗಳ ಮನೆಗೆ ಬಂದು ನೆಲೆಸಿದ್ದಾರಂತೆ, ಚೆಸ್ ಆಟದ ಹುಚ್ಚಂತೆ, ಮನೆಯಲ್ಲಿ ಆಡುವವರು ಯಾರೂ ಇಲ್ಲವಂತೆ. ಆಯ್ತಪ್ಪ ದಿನಾ ಸಂಜೆ ಬಂದು ಅವರ ಜೊತೆ ಆಡಬೇಕು. ಆಡಬೇಕು ಅಂದರೆ ಸೋಲಬೇಕು. ಅದೂ ಸುಮ್ಮನೆ ಸೋತರೆ ಅವರಿಗೆ ಸಿಟ್ಟು ಬರುತ್ತದೆ, ಒದ್ದಾಡಿ ಸೋಲಬೇಕು.

ಆಯ್ತಪ್ಪನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. 'ಆ' ಅನ್ನುವ ತನಕ ಬಂತು. ಅಲ್ಲಿ ಏನೋ ಸಿಕ್ಕಿಕೊಂಡಿತು. ಸೋಲುವುದು ಅವನಿಗೆ ಹೊಸದಲ್ಲ, ಆದರೆ ಒದ್ದಾಡಿ ಸೋಲಲು ಮೈಯಲ್ಲಿ ಕಸುವಿರಲಿಲ್ಲ. ಮ್ಯಾನೇಜರ ಮೇಜಿನ ಪಕ್ಕ ಹೊಸ ಪ್ಯಾಕಿಂಗ್ ಮೆಷಿನ್ನಿನ ಬಿಡಿಭಾಗಗಳ ಒಂದು ಮರದ ಪೆಟ್ಟಿಗೆ ಇತ್ತು. ಅದರ ಮೇಲೆ ಟರ್ಕಿ ದೇಶದ ಮುದ್ರೆ ಇತ್ತು. ಕಣ್ಣು ಅದರ ಮೇಲೆ ಬಿತ್ತು, ಬಾಯಿ ಅದನ್ನೇ ಹೇಳಿತು.

"ಆ... ಸಂಜೆ ನನಗೆ ಕ್ಲಾಸ್ ಇದೆ ಸರ್. ಟರ್ಕಿಶ್ ಭಾಷೆ ಕ್ಲಾಸು."

ಮ್ಯಾನೇಜರು ಕನ್ನಡಕ ತೆಗೆದು ಅವನನ್ನು ನೋಡಿದರು. ಬಿಸ್ಕತ್ತಿನ ಪೆಟ್ಟಿಗೆ ಎಣಿಸುವವನ ಒಳಗೆ ಇಂಥ ಆಸೆ ಅಡಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಪಾಪ, ಆಯ್ತಪ್ಪನಿಗೂ ಗೊತ್ತಿರಲಿಲ್ಲ.

ಅಂದು ಸಂಜೆ ಐದಕ್ಕೆ ಗೇಟು ದಾಟಿದಾಗ ಅವನಿಗೆ ಹೋಗಲು ಎಲ್ಲೂ ಕ್ಲಾಸು ಇರಲಿಲ್ಲ. ಮನೆಗೆ ಹೋದರೆ ಹೆಡ್‌ಮಾಸ್ತರು ಜಗಲಿಯಲ್ಲೇ ಹಿಡಿಯುತ್ತಾರೆ. ಕಾಲು ಎಳೆದುಕೊಂಡು ಪಾರ್ಕಿಗೆ ಹೋದ. ನೀರಿನ ಟ್ಯಾಂಕಿನ ಹಿಂದೆ ಒಂದು ಬೆಂಚಿತ್ತು, ಬೆಂಚಿನ ಕೆಳಗೆ ಒಂದು ಕಂದು ಬೆಕ್ಕಿತ್ತು. ಆಯ್ತಪ್ಪ ಕೂತ. ಬೆಕ್ಕು ಏನೂ ಕೇಳಲಿಲ್ಲ. ಹೀಗೆ ಏನೂ ಕೇಳದ ಜೀವದ ಪಕ್ಕದಲ್ಲಿ ಕೂತು ಎಷ್ಟು ವರ್ಷವಾಯಿತೋ ಎಂದು ಅವನಿಗೆ ಕಣ್ಣು ತುಂಬಿ ಬಂತು. ಕತ್ತಲಾಗುವ ತನಕ ಕೂತಿದ್ದ. ಮರುದಿನವೂ ಕೂತ. ದಿನಕ್ಕೆ ಎರಡು ತಾಸು, ಹುಟ್ಟಿದಂದಿನಿಂದ ಅವನ ಸ್ವಂತಕ್ಕೆ ಸಿಕ್ಕಿದ ಆಸ್ತಿ ಅಂದರೆ ಅದೊಂದೇ.

ಹೆಂಡತಿ ಕ್ಲಾಸಿನ ಸುದ್ದಿ ಕೇಳಿ ಹೂಂ ಅಂದಳು, ಉಹೂಂ ಅನ್ನಲಿಲ್ಲ. ಅವಳೂ ಅಂಥವಳೇ. ಗಂಡ ಹೊರಗಿನವರಿಗೆಲ್ಲ ಆಯ್ತು ಅನ್ನುತ್ತಿದ್ದ, ಇವಳು ಒಳಗಿನವರಿಗೆಲ್ಲ ಅನ್ನುತ್ತಿದ್ದಳು. ತಮ್ಮನಿಗೆ ಹೊತ್ತು ಹೊತ್ತಿಗೆ ಟೀ ಮಾಡಿ, ಹೆಡ್‌ಮಾಸ್ತರ ಹೆಂಡತಿಯ ಬಟ್ಟೆಗಳಿಗೆ ಹೊಲಿಗೆ ಹಾಕಿ, ರಾತ್ರಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ ಮುಗಿಸುತ್ತಿದ್ದಳು. ಒಂದು ರಾತ್ರಿ ಅವನ ಬೆನ್ನಿಗೆ ಅಂಟಿದ್ದ ಒಣಗಿದ ಎಲೆಯನ್ನು ತೆಗೆದು, ಒಂದು ಗಳಿಗೆ ನೋಡಿ, ಕಸದ ಬುಟ್ಟಿಗೆ ಹಾಕಿದಳು. ಮರುದಿನ ಅವನು ಹೊರಡುವಾಗ ಸ್ವೆಟರು ಕೊಟ್ಟಳು.

"ಹಾಕ್ಕೊಂಡು ಹೋಗಿ. ಕ್ಲಾಸಲ್ಲಿ ಗಾಳಿ ಜಾಸ್ತಿ ಇರುತ್ತೆ."

ಆಯ್ತಪ್ಪ ಹಾಕಿಕೊಂಡ. ಅವನಿಗೆ ಏನೂ ಹೊಳೆಯಲಿಲ್ಲ. ಹೊಳೆಯುವ ಜಾತಿಯವನಾಗಿದ್ದರೆ ಈ ಕಥೆ ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಕಾಲು ಯಾಕೆ ಬೇಕು, ಭಾವಮೈದುನ ಹೊತ್ತುಕೊಂಡು ತಿರುಗುತ್ತಿದ್ದನಲ್ಲ! 'ನಮ್ಮ ಭಾವ ಟರ್ಕಿಶ್ ಕಲೀತಿದಾರೆ' ಎಂದು ಅವನು ಬೀದಿಯಲ್ಲಿ ಹೇಳಿದ್ದು ಬೀದಿ ದಾಟುವಷ್ಟರಲ್ಲಿ 'ಮಾತಾಡ್ತಾರೆ' ಎಂದಾಯಿತು, ಕ್ಷೌರದಂಗಡಿ ತಲುಪುವಷ್ಟರಲ್ಲಿ 'ಕಲಿಸ್ತಾರೆ' ಎಂದಾಯಿತು. ಹೆಡ್‌ಮಾಸ್ತರು ಅದರ ಬಗ್ಗೆಯೂ ಸಂಪಾದಕರಿಗೆ ಒಂದು ಪತ್ರ ಬರೆದರು. ಭಾವಮೈದುನ ಹಳೆ ಪುಸ್ತಕದ ಗಾಡಿಯಿಂದ ಟರ್ಕಿಶ್ ವ್ಯಾಕರಣದ ಒಂದು ಪುಸ್ತಕವನ್ನೂ ತಂದುಕೊಟ್ಟ, ಅದೂ ಅಕ್ಕನ ಹತ್ತಿರವೇ ದುಡ್ಡು ಇಸಕೊಂಡು. ಪುಸ್ತಕಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಯಾವನೋ ಪೊಟ್ಟಣ ಕಟ್ಟಲು ಹರಿದು ಹರಿದು, ನಡುವಿನ ಎರಡು ಪಾಠಗಳನ್ನು ಮಾತ್ರ ದೇವರ ದಯೆಯಿಂದ ಉಳಿಸಿದ್ದ. ಒಂದು ನಾಮಪದಗಳ ಪಾಠ. ಇನ್ನೊಂದು ನಿಷೇಧ ವಾಕ್ಯಗಳದ್ದು.

ಬೆಂಚಿನ ಮೇಲೆ ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಆಯ್ತಪ್ಪ ಓದತೊಡಗಿದ. ಓದುತ್ತ ಓದುತ್ತ ಅವನಿಗೆ ಅಚ್ಚರಿಯಾಯಿತು. ಕೆದಿ ಅಂದರೆ ಬೆಕ್ಕು, ಹಿಂದೆ 'ಲೆರ್' ಹಚ್ಚಿದರೆ ಬೆಕ್ಕುಗಳು, ನಮ್ಮ 'ಗಳು' ಇದ್ದ ಹಾಗೆ. ಮಸಾ ಅಂದರೆ ಮೇಜು. ಹವಾ ಅಂದರೆ ನಮ್ಮ ಹವಾನೇ. 'ಅಲ್ಲ' ಅನ್ನಲು ದೇಯಿಲ್, 'ಇಲ್ಲ' ಅನ್ನಲು ಯೋಕ್, ಎರಡೂ ನಮ್ಮಲ್ಲಿಯ ಹಾಗೆ ವಾಕ್ಯದ ಕೊನೆಗೇ ಬಂದು ಕೂರುತ್ತವೆ. ಬು ಕೆದಿ ದೇಯಿಲ್, ಇದು ಬೆಕ್ಕು ಅಲ್ಲ. ಮಸಾ ಯೋಕ್, ಮೇಜು ಇಲ್ಲ. ಬೆಂಚಿನ ಕೆಳಗಿನ ಬೆಕ್ಕಿಗೆ ಅವನು ದಿನಾ ನೀನು ಬೆಕ್ಕಲ್ಲ ಎಂದು ಟರ್ಕಿಶ್‌ನಲ್ಲಿ ಹೇಳುತ್ತಿದ್ದ, ಅದು ಬೇಜಾರು ಮಾಡಿಕೊಳ್ಳದೆ ಕೇಳುತ್ತಿತ್ತು. ಹುಟ್ಟಿದ ಭಾಷೆಯಲ್ಲಿ ಒಂದು ಸಲವೂ ಬಾಯಿಗೆ ಬಾರದ ಮಾತು ಹೊರಗಿನ ಭಾಷೆಯಲ್ಲಿ ಇಷ್ಟು ಸಲೀಸಾಗಿ ಬರುತ್ತದಲ್ಲ! 'ಯೋಕ್' ಅಂದಾಗಲೆಲ್ಲ ಅವನ ಎದೆ ಒಂದಿಷ್ಟು ಹಗುರಾಗುತ್ತಿತ್ತು. 'ಇದೆ' ಅನ್ನುವುದಕ್ಕೆ ಏನನ್ನುತ್ತಾರೋ ಪುಸ್ತಕದಲ್ಲಿ ಇರಲಿಲ್ಲ, ಅವನೂ ಹುಡುಕಲಿಲ್ಲ. ಅದನ್ನು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಅಷ್ಟರಲ್ಲಿ ಮೆಷಿನ್ ಬಂತು. ಮೆಷಿನ್ನಿನ ಹಿಂದೆಯೇ ಅದನ್ನು ಕೂರಿಸಲು ಟರ್ಕಿಯಿಂದ ಒಬ್ಬ ಫಿಟ್ಟರ್ ಬಂದ.

ಮ್ಯಾನೇಜರಿಗೆ ಹಿಗ್ಗೋ ಹಿಗ್ಗು. ಎಲೆಕ್ಟ್ರಿಷಿಯನ್ ಯಾಕೋ ಫೋನಿನಲ್ಲೇ ಅನುವಾದ ಬರುತ್ತದೆ ಎಂದು ಗೊಣಗಿದ. ನಮ್ಮವನೇ ಒಬ್ಬ ಪಂಡಿತ ಇರುವಾಗ ಫೋನ್ ಯಾಕೆ ಎಂದು ಮ್ಯಾನೇಜರು ಗದರಿದರು. ಅಲ್ಲದೆ ಮೆಷಿನ್ ಕೂರಿಸಬೇಕಿದ್ದ ತಗಡಿನ ಶೆಡ್ಡಿನೊಳಗೆ ಫೋನಿಗೆ ಸಿಗ್ನಲ್ ಹತ್ತುತ್ತಲೂ ಇರಲಿಲ್ಲ. ಆಯ್ತಪ್ಪನನ್ನು ಪೆಟ್ಟಿಗೆಗಳ ನಡುವಿನಿಂದ ಎಬ್ಬಿಸಿಕೊಂಡು ಬಂದು ಮುಂದೆ ನಿಲ್ಲಿಸಿದರು. ನಿಜ ಹೇಳಿದರೆ ಕ್ಲಾಸು ಹೋಗುತ್ತದೆ, ಕ್ಲಾಸು ಹೋದರೆ ಬೆಂಚು ಹೋಗುತ್ತದೆ, ಬೆಂಚು ಹೋದರೆ ಮ್ಯಾನೇಜರ ಮಾವ ಕಾಯಿಗಳನ್ನು ಜೋಡಿಸಿಕೊಂಡು ಕಾದಿದ್ದಾರೆ. ಕೆಲಸ ಹೋದರೂ ಹೋಗಲಿ, ಆ ಎರಡು ತಾಸು ಹೋಗಬಾರದು ಎಂದು ಅವನ ಮನಸ್ಸು ಹಟ ಹಿಡಿದಿತ್ತು.

ಫಿಟ್ಟರ್ ಸಣಕಲು ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಮೆಷಿನ್ ಕೂರಿಸುತ್ತ ದೇಶ ದೇಶ ಸುತ್ತಿದವನು. ಹೋದ ಕಡೆಯಲ್ಲೆಲ್ಲ 'ಎಲ್ಲ ರೆಡಿ' ಅನ್ನುವುದನ್ನು ಕೇಳಿ, ಒಂದೂ ರೆಡಿ ಇಲ್ಲದ್ದನ್ನು ಕಂಡು ಬೇಸತ್ತವನು. ಆಯ್ತಪ್ಪನನ್ನು ನೋಡಿ ಅವನು ಉದ್ದಕ್ಕೆ ಏನೋ ಹೇಳಿದ. ಆಯ್ತಪ್ಪ ತಲೆ ಆಡಿಸಿದ. ಏನಂತೆ ಎಂದು ಮ್ಯಾನೇಜರು ಕೇಳಿದರು. ಪ್ರಯಾಣ ಚೆನ್ನಾಗಿತ್ತಂತೆ, ಅಂದ ಆಯ್ತಪ್ಪ. ಫಿಟ್ಟರನ ಮುಖ ನೋಡಿದರೆ ಹಾಗೆ ಕಾಣುತ್ತಿರಲಿಲ್ಲ.

ಆಮೇಲೆ ಕೆಲಸದ ಮಾತು ಬಂತು. ಫಿಟ್ಟರ್ ಗೋಡೆಯ ಮೇಲಿನ ಪೈಪಿಗೆ ಬೆರಳು ತೋರಿಸಿ ಏನೋ ಕೇಳಿದ, ಅದರಲ್ಲಿ 'ಹವಾ' ಅನ್ನುವ ಪದ ಇತ್ತು. ಮೆಷಿನ್ನಿಗೆ ಒತ್ತಡದ ಗಾಳಿ ಬೇಕು, ಅದಕ್ಕೆ ಕಂಪ್ರೆಸರ್ ಬೇಕು. ಕಂಪ್ರೆಸರ್ ತರಿಸುವ ಕೆಲಸ 'ಆಗ್ತಾ ಇದೆ' ಎಂದು ಮ್ಯಾನೇಜರು ಮಾಲೀಕರಿಗೆ ಯಾವಾಗಲೋ ಹೇಳಿದ್ದರು, ಅಂದರೆ ಅದಕ್ಕೆ ಆರ್ಡರೇ ಹೋಗಿರಲಿಲ್ಲ.

"ಇದೆ ಅನ್ರೀ," ಎಂದು ಮ್ಯಾನೇಜರು ಕಿವಿಯಲ್ಲಿ ಉಸುರಿದರು.

ಹೇಳಬಾರದೆಂದಲ್ಲ, ಹೇಳಲು ಪದವೇ ಗೊತ್ತಿರಲಿಲ್ಲ. ಆಯ್ತಪ್ಪ ಗಂಟಲು ಸರಿ ಮಾಡಿಕೊಂಡು ತನಗೆ ಬರುವುದನ್ನು ಹೇಳಿದ. "ಹವಾ ಯೋಕ್."

ಫಿಟ್ಟರ್ ತಟ್ಟನೆ ತಲೆ ಎತ್ತಿದ. ಮೇಲೆ ಹಬ್ಬಿದ್ದ ತಂತಿಗಳನ್ನು ತೋರಿಸಿದ. ಎಲೆಕ್ಟ್ರಿಷಿಯನ್ ಹಿಂದಿನಿಂದ 'ಕರೆಂಟು ಬಂದೇ ಬಿಡ್ತು ಅನ್ನಿ, ಬಂದೇ ಬಿಡ್ತು ಅನ್ನಿ' ಎಂದು ಪಿಸುಗುಟ್ಟಿದ. ತಂತಿಗಳ ಇನ್ನೊಂದು ತುದಿ ಯಾವುದಕ್ಕೂ ಸೇರಿರಲಿಲ್ಲ. "ಎಲೆಕ್ಟ್ರಿಕ್ ಯೋಕ್," ಅಂದ ಆಯ್ತಪ್ಪ.

ಫಿಟ್ಟರ್ ಬಗ್ಗಿ, ಮಟ್ಟ ನೋಡುವ ಗಾಜಿನ ಕೋಲನ್ನು ನೆಲದ ಮೇಲಿಟ್ಟು, ಅಂಗೈಯಿಂದ ನೆಲ ತಟ್ಟಿದ. ನೆಲಕ್ಕೆ ಏನನ್ನುತ್ತಾರೆ ಎಂದು ಹರಿದ ಪುಸ್ತಕ ಹೇಳಿರಲಿಲ್ಲ. ಆಯ್ತಪ್ಪ ಬೆವರಿದ. ಸಿಕ್ಕಿದ ನಾಮಪದ ಒಂದನ್ನು ಹಿಡಿದು ಎಳೆದುಕೊಂಡ. "ಬು ಮಸಾ ದೇಯಿಲ್." ಇದು ಮೇಜು ಅಲ್ಲ.

ಫಿಟ್ಟರ್ ಗಾಜಿನೊಳಗಿನ ಗುಳ್ಳೆಯನ್ನು ನೋಡಿದ. ಅದು ಒಂದು ತುದಿಗೆ ಓಡಿಹೋಗಿ ನಿಂತಿತ್ತು. ಹೌದು, ಈ ನೆಲ ಮೇಜು ಅಲ್ಲ ಎಂದು ಅವನು ಗಂಭೀರವಾಗಿ ತಲೆದೂಗಿದ. ಆಮೇಲೆ, ಆ ಊರಿಗೆ ಬಂದಮೇಲೆ ಮೊದಲ ಸಲ, ನಕ್ಕ.

ಇವನು ಏನು ಹೇಳಿದನೋ ತಿಳಿಯದೆ ಮ್ಯಾನೇಜರಿಗೆ ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಟ. ನಾಳೆಯ ಹೊತ್ತಿಗೆ ಸಕಲ ವ್ಯವಸ್ಥೆಯೂ ಆಗುತ್ತದೆ, ತಾವು ದಯವಿಟ್ಟು ಮೆಷಿನ್ ಚಾಲೂ ಮಾಡಬೇಕು, ನಮ್ಮಲ್ಲಿ ಮಾತು ಅಂದರೆ ಮಾತು ಎಂದು ಅವನಿಗೆ ಹೇಳಿ ಅಂದರು. ಆಯ್ತಪ್ಪ ಫಿಟ್ಟರನ ಕಡೆ ತಿರುಗಿದ.

"ಯೋಕ್."

"ಅಷ್ಟು ಉದ್ದ ಹೇಳಿದ್ದಕ್ಕೆ ಅಷ್ಟೇನಾ?" ಮ್ಯಾನೇಜರಿಗೆ ಅನುಮಾನ ಬಂತು.

"ಮಾತು ಕಮ್ಮಿ ಇರೋ ಭಾಷೆ ಸರ್," ಅಂದ ಆಯ್ತಪ್ಪ.

ಫಿಟ್ಟರ್ ತನ್ನ ಸಲಕರಣೆಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಮುಚ್ಚಿದ. ತಮಾಮ್, ತಮಾಮ್ ಎಂದು ಸರಿ ಸರಿ ಅನ್ನುವ ಧಾಟಿಯಲ್ಲಿ ಹೇಳುತ್ತ ಆಯ್ತಪ್ಪನ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದ. ಆಮೇಲೆ ಗೇಟಿನ ಹೊರಗೆ ಹೋಗಿ, ಸಿಗ್ನಲ್ ಸಿಗುವ ಕಡೆ ನಿಂತು, ತನ್ನ ಕಂಪನಿಗೆ ಫೋನ್ ಮಾಡಿದ. ಕಂಪನಿಯವರು ಬಿಸ್ಕತ್ತು ಕಾರ್ಖಾನೆಯ ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರು ಮ್ಯಾನೇಜರಿಗೆ ಮಾಡಿದರು. ನೆಟ್ಟಗಿಲ್ಲದ ಆ ನೆಲದ ಮೇಲೆ ಗಾಳಿ, ಕರೆಂಟು ಇಲ್ಲದೆ ಹೇಗೋ ಏನೋ ಮಾಡಿ ಮೆಷಿನ್ ಎಳೆದಾಡಿದ್ದರೆ ಮುರಿಯುತ್ತಿತ್ತಂತೆ, ಗ್ಯಾರಂಟಿಯೂ ಹೋಗುತ್ತಿತ್ತಂತೆ. ಪುಣ್ಯಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಒಬ್ಬನಾದರೂ ಆ ಶೆಡ್ಡಿನಲ್ಲಿದ್ದನಂತೆ. ಮ್ಯಾನೇಜರು ಫೋನಿನಲ್ಲಿ, ಹಾಗೆ ಹೇಳಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ ಸರ್ ಅಂದರು. ಗಾಳಿ ಬಂದಾಗ ತೂರಿಕೊಳ್ಳುವ ಜಾತಿ ಅವರದು.

ಅಂತೂ ಮಾಲೀಕರ ಬೈಗುಳದ ಬಿಸಿಗೆ ನೆಲ ಸಮವಾಯಿತು, ಕಂಪ್ರೆಸರ್ ಬಂತು, ತಂತಿಯ ಇನ್ನೊಂದು ತುದಿಗೂ ಒಂದು ಗತಿ ಕಂಡಿತು. ಮೆಷಿನ್ ಓಡಿತು. ಆಯ್ತಪ್ಪ ಎಲ್ಲ ಮುಗಿಯಿತು, ಇನ್ನು ಬೆಂಚಿಗೆ ಹೋಗಬಹುದು ಅಂದುಕೊಂಡ.

ಫಿಟ್ಟರ್ ಹೊರಡುವ ದಿನ ಕ್ಯಾಂಟೀನಿನಲ್ಲಿ ಸಭೆ ಸೇರಿಸಿದರು. ಟೀ ಆಯಿತು, ಬಿಸ್ಕತ್ತು ಆಯಿತು. ಮ್ಯಾನೇಜರು ಎದ್ದು ನಿಂತು, ಇನ್ನೂ ಇಂಥ ಮೆಷಿನ್ನುಗಳು ಬರಲಿವೆ, ಆದ್ದರಿಂದ ನಾಳೆಯಿಂದ ಪ್ರತಿದಿನ ಸಂಜೆ ಐದರಿಂದ ಏಳರ ತನಕ ನಮ್ಮ ಹೆಮ್ಮೆಯ ಆಯ್ತಪ್ಪನವರು ಇದೇ ಕ್ಯಾಂಟೀನಿನಲ್ಲಿ ಸಿಬ್ಬಂದಿಗೆಲ್ಲ ಟರ್ಕಿಶ್ ಕಲಿಸುತ್ತಾರೆ ಎಂದು ಘೋಷಿಸಿದರು. ತಮ್ಮ ಮಾವನವರೂ ಸೇರಲು ಒಪ್ಪಿದ್ದಾರೆ, ಬರುವಾಗ ಚೆಸ್ ಬೋರ್ಡನ್ನೂ ತರುತ್ತಾರೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಐದರಿಂದ ಏಳು. ಆಯ್ತಪ್ಪನಿಗೆ ಬೆಂಚು ಕಂಡಿತು. ಬೆಂಚಿನ ಕೆಳಗಿನ ಬೆಕ್ಕು ಕಂಡಿತು. ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು, 'ಆ' ಅನ್ನುವ ತನಕ ಬಂತು. ಚಪ್ಪಾಳೆ ನಿಂತು ಎಲ್ಲರೂ ಉಳಿದರ್ಧಕ್ಕೆ ಕಾದರು.

"ಆಗಲ್ಲ," ಅಂದ.

ಮ್ಯಾನೇಜರು ಹೊಟ್ಟೆ ಹಿಡಿದು ನಕ್ಕರು. ನೋಡಿ, ಈಗಲೇ ಟರ್ಕಿಶ್ ಶುರು ಮಾಡಿಬಿಟ್ಟರು ಅಂದರು. ಅದರ ಅರ್ಥ ಏನೆಂದು ಎಲೆಕ್ಟ್ರಿಷಿಯನ್ ಪಕ್ಕದವನನ್ನು ಕೇಳಿದ. ಸಂತೋಷ ಅಂತಿರಬೇಕು ಅಂದ ಪಕ್ಕದವನು.

"ಟರ್ಕಿಶ್ ಅಲ್ಲ ಸರ್, ನಮ್ಮ ಭಾಷೆನೇ," ಅಂದ ಆಯ್ತಪ್ಪ. "ಆಗಲ್ಲ ಅಂದೆ. ನನ್ನ ಕೈಲಿ ಆಗಲ್ಲ. ಐದು ಗಂಟೆ ಮೇಲೆ ನಾನು ಯಾರಿಗೂ ಇಲ್ಲ."

ಆದರೂ ಯಾರೂ ನಂಬಲಿಲ್ಲ. ಇಷ್ಟು ವರ್ಷ ಆಯ್ತು ಅಂದ ಬಾಯಿ ಅದು, ತಮಾಷೆ ಮಾಡುತ್ತಿದೆ ಎಂದುಕೊಂಡು ಮತ್ತೆ ನಕ್ಕರು. ನಗದೆ ಇದ್ದವನು ಒಬ್ಬನೇ, ಅಲ್ಲಿ ಆಡಿದ ಒಂದು ಮಾತೂ ತಿಳಿಯದಿದ್ದ ಫಿಟ್ಟರ್. ಅವನು ಟೀ ಲೋಟ ಕೆಳಗಿಟ್ಟು ಆಯ್ತಪ್ಪನ ಮುಖವನ್ನೇ ನೋಡಿದ. ಆ ದಣಿವು ಅವನಿಗೆ ಹೊಸದಲ್ಲ.

"ಯೋಕ್?" ಎಂದು ಮೆಲ್ಲಗೆ ಕೇಳಿದ.

"ಯೋಕ್," ಅಂದ ಆಯ್ತಪ್ಪ.

ಫಿಟ್ಟರ್ ಮ್ಯಾನೇಜರ ಕಡೆ ತಿರುಗಿ, ಹುಬ್ಬು ಮೇಲೆತ್ತಿ, ನಾಲಿಗೆಯಿಂದ ಒಮ್ಮೆ ಲೊಚಗುಟ್ಟಿ, ತನ್ನ ದೇಶದವರು ಇಲ್ಲ ಅನ್ನುವ ಹಾಗೆ ತಲೆಯನ್ನು ಹಿಂದಕ್ಕೆ ವಾಲಿಸಿ, "ಯೋಕ್," ಅಂದ. ವಿದೇಶದಿಂದ ಬಂದ ಮಾತಾದ್ದರಿಂದ ಮ್ಯಾನೇಜರಿಗೆ ಕೂಡಲೇ ಅರ್ಥವಾಯಿತು. ಹಾಗಾದರೆ ನೋಡೋಣ ಅಂದು ಕೂತುಬಿಟ್ಟರು. ಅವರ ಬಾಯಲ್ಲಿ ಅದಕ್ಕಿಂತ ಖಚಿತವಾದ ಮಾತು ಬರುವುದು ಸಾಧ್ಯವಿರಲಿಲ್ಲ, ಕ್ಲಾಸು ಅಲ್ಲಿಗೇ ಸತ್ತಿತು.

ಆಯ್ತಪ್ಪ ಐದಕ್ಕೆ ಗೇಟು ದಾಟಿ, ಪಾರ್ಕಿಗೆ ಬಂದು, ಟ್ಯಾಂಕಿನ ಹಿಂದಕ್ಕೆ ತಿರುಗಿದ. ಬೆಂಚಿನ ಮೇಲೆ ಯಾರೋ ಕೂತಿದ್ದರು. ಹತ್ತಿರ ಹೋದರೆ ಹೆಂಡತಿ. ಚಪ್ಪಲಿ ಬಿಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದಳು. ಬೆಕ್ಕು ಅವಳ ಪಾದಕ್ಕೆ ಒರಗಿಕೊಂಡಿತ್ತು.

ಸ್ವೆಟರಿನ ನೆನಪಾಗಿ, ಇವಳಿಗೆ ಆವತ್ತೇ ಗೊತ್ತಿತ್ತೆಂದು ಈಗ ಹೊಳೆದು ಅವನಿಗೆ ನಾಚಿಕೆಯಾಯಿತು. ಬೈಸಿಕೊಳ್ಳಲು ಸಿದ್ಧನಾಗಿ ಬೆಂಚಿನ ತುದಿಯಲ್ಲಿ ಕೂತ.

"ಇಷ್ಟು ದಿನ ನೀವು ಒಬ್ಬರೇ ಬಂದ್ರಲ್ಲ, ಅದೊಂದಕ್ಕೇ ನಂಗೆ ಸಿಟ್ಟು," ಅಂದಳು ಅವಳು, ಕಣ್ಣು ತೆರೆಯದೆ. "ನಂಗೂ ಸಾಕಾಗಿದೆ ಕಣ್ರೀ."

ಅವನಿಗೆ ಅಳು ಬಂದ ಹಾಗಾಯಿತು. ಊರಿಗೆಲ್ಲ ಆಯ್ತು ಅಂದವನು ಇವಳನ್ನು ಏನು ಬೇಕೆಂದು ಒಂದು ದಿನವೂ ಕೇಳಿರಲಿಲ್ಲ, ಇವಳು ಕೇಳದೆ ಇದ್ದದ್ದನ್ನೇ ಏನೂ ಬೇಡ ಎಂದು ತಿಳಿದುಕೊಂಡಿದ್ದ.

"ಮನೇಲಿ ಏನಂತ ಹೇಳಿ ಬಂದೆ?"

"ಟರ್ಕಿಶ್ ಕ್ಲಾಸಿಗೆ ಸೇರ್ಕೊಂಡೆ ಅಂತ. ತಮ್ಮ ಟೀ ಕೇಳ್ದ, ಒಲೆ ಎಲ್ಲಿದೆ ಅಂತ ತೋರಿಸಿ ಬಂದೆ."

ಅಷ್ಟರಲ್ಲಿ ಟ್ಯಾಂಕಿನ ಪಕ್ಕದಿಂದ ಕೆಮ್ಮು ಕೇಳಿಸಿತು. ಹೆಡ್‌ಮಾಸ್ತರು, ಕಂಕುಳಲ್ಲಿ ಕಾಗದಗಳ ಕಂತೆ, ವಾಕಿಂಗಿಗೆ ಬಂದವರು ಇವರನ್ನು ಕಂಡು ಅರಳಿದರು. ಆಯ್ತಪ್ಪ ಎಂದಿನಂತೆ ತಂದು ಮಡಿಲಲ್ಲಿಟ್ಟುಕೊಂಡಿದ್ದ ಹರಿದ ವ್ಯಾಕರಣ ಪುಸ್ತಕವನ್ನು ನೋಡಿದರು. ಕ್ಲಾಸು ನಡೆಯುವುದು ಇಲ್ಲೇ ಎಂದು ಒಂದು ಗಳಿಗೆಯಲ್ಲಿ ಅವರಿಗೆ ಗೊತ್ತಾಗಿಹೋಯಿತು. ಬೆಂಚು ಉದ್ದವಾಗಿತ್ತು, ಒಂದು ಕಡೆ ಒಬ್ಬರು ಆರಾಮಾಗಿ ಕೂರುವಷ್ಟು ಖಾಲಿ ಇತ್ತು.

"ಏನಪ್ಪಾ ಆಯ್ತಪ್ಪ, ನನಗೂ ಒಂದು ಸೀಟು ಇದೆಯೇನು?"

"ಇಲ್ಲ," ಅಂದರು ಇಬ್ಬರೂ ಒಟ್ಟಿಗೆ.

ಹೆಡ್‌ಮಾಸ್ತರು ಖಾಲಿ ಜಾಗ ನೋಡಿದರು, ಇಬ್ಬರ ಮುಖ ನೋಡಿದರು. ಈ ಬಗ್ಗೆ ಸಂಪಾದಕರಿಗೆ ಬರೆಯುವ ಲಕ್ಷಣ ಅವರ ಹುಬ್ಬಿನಲ್ಲಿ ಕಂಡಿತು, ಆದರೆ ಹೊರಟುಹೋದರು.

ಹೆಂಡತಿ ಚಾಚಿದ ಕಾಲನ್ನು ಇನ್ನಷ್ಟು ಚಾಚಿದಳು. ಸ್ವಲ್ಪ ಹೊತ್ತು ಬಿಟ್ಟು, ಕ್ಲಾಸಲ್ಲಿ ಏನಾದರೂ ಮಾತಾಡಬೇಕಾ ಎಂದು ಕೇಳಿದಳು.

"ಬೇಡ," ಅಂದ ಆಯ್ತಪ್ಪ.

ಪಾರ್ಕಿನ ದೀಪ ಹತ್ತುವ ತನಕ ಇಬ್ಬರೂ ಸುಮ್ಮನೆ ಕೂತಿದ್ದರು.